ಸಂದುನೋವು ಅಂತ ಬಂದವರಿಗೆ ನಾನು ಮೊದಲು ಕೇಳುವುದು

ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಜಗಳೂರು, ಹರಿಹರ, ಚಳ್ಳಕೆರೆ ಕಡೆಯಿಂದೆಲ್ಲ ಸಂದುನೋವಿನವರು ಬರುತ್ತಾರೆ. 'ವಾತ ಆಗೇತ್ರಿ, ಒಂದು ಇಂಜೆಕ್ಷನ್ ಮಾಡಿಬಿಡ್ರಿ' ಎನ್ನುತ್ತಲೇ ರಿಪೋರ್ಟಿನ ಕಟ್ಟು ಮುಂದಿಡುತ್ತಾರೆ. ಆ ಕಟ್ಟನ್ನು ನಾನು ಪಕ್ಕಕ್ಕಿಡುತ್ತೇನೆ. ನೋವು ಯಾವ ಹೊತ್ತಿಗೆ ಜಾಸ್ತಿ, ಯಾವ ಯಾವ ಸಂದು, ಕುಡಿಯುವ ನೀರು ಎಲ್ಲಿಯದು, ಮನೆಯಲ್ಲಿ ಕುರಿ ಇವೆಯಾ ಎಂದು ಮೊದಲು ಕೇಳುತ್ತೇನೆ. ರೋಗದ ಗುರುತು ಬಹುಪಾಲು ಈ ಉತ್ತರಗಳಲ್ಲೇ ಸಿಗುತ್ತದೆ.

ಹೊತ್ತಿನ ಪ್ರಶ್ನೆಗೆ ನಮ್ಮ ಕಡೆ ಒಳ್ಳೆಯ ದಾರಿಯೊಂದಿದೆ. 'ಬೆಳಗ್ಗೆ ಎಷ್ಟೊತ್ತಿಗೆ ರೊಟ್ಟಿ ತಟ್ಟಾಕೆ ಕೈ ಬರ್ತವೆ ಯಕ್ಕಾ?' ಎಂದು ಕೇಳುತ್ತೇನೆ. 'ಹತ್ತು ಗಂಟೆ ಆಗಬೇಕ್ರಿ, ಅಲ್ಲೀತನಕ ಮುಷ್ಟಿ ಕಟ್ಟಾಕೂ ಆಗಲ್ಲ' ಎಂದರೆ ನನ್ನ ಕಣ್ಣು ಅವರ ಬೆರಳ ಬುಡದ ಗಂಟುಗಳ ಮೇಲೆ, ಮಣಿಕಟ್ಟಿನ ಮೇಲೆ ಹೋಗುತ್ತದೆ. ಎರಡೂ ಕೈಯಲ್ಲಿ ಊತ, ಒತ್ತಿದರೆ ನೋವು, ಬೆಳಗಿನ ಬಿಗಿತ ಗಂಟೆಗಟ್ಟಲೆ, ಇದೆಲ್ಲ ಆರು ವಾರ ದಾಟಿದೆ ಎಂದರೆ ರುಮಟಾಯ್ಡ್ ಸಂಧಿವಾತದ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಸಂದುಗಳ ಮೇಲೆ ತಿರುಗಿಬೀಳುವ ರೋಗದ ಅನುಮಾನ ಬಲವಾಗುತ್ತದೆ. ಈ ರೋಗ ಬೆರಳ ತುದಿಯ ಗಂಟುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ವಯಸ್ಸಾದವರ ಮಂಡಿ ಸವೆತದ ನೋವು ಬೇರೆ: ಎದ್ದಾಗ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ದಿನವಿಡೀ ಓಡಾಡಿದ ಮೇಲೆ ಸಂಜೆಗೆ ಜಾಸ್ತಿಯಾಗುತ್ತದೆ.

ಈ ರೋಗಕ್ಕೆಂದು ಮಾಡಿಸುವ ರಕ್ತಪರೀಕ್ಷೆಯಲ್ಲಿ ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಎಂಬ ಒಂದೇ ಸಾಲು ನೋಡಿ ಹೆದರಿ ಬರುವವರು ಬಹಳ. ರೋಗವೇ ಇಲ್ಲದ ವಯಸ್ಸಾದವರಲ್ಲೂ ಅದು ಪಾಸಿಟಿವ್ ಬರುತ್ತದೆ. ರೋಗ ಇರುವ ಕೆಲವರಲ್ಲಿ ನೆಗೆಟಿವ್ ಬರುವುದೂ ಉಂಟು. ಆಂಟಿ ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಇನ್ನಷ್ಟು ಖಚಿತ. ರೋಗ ಗೊತ್ತಾದ ಮೇಲೆ ಅದನ್ನು ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆಯುವುದಾದರೆ, ಚೀಟಿಯಲ್ಲಿ 'ವಾರಕ್ಕೊಮ್ಮೆ ಮಾತ್ರ, ಮಂಗಳವಾರ' ಎಂದು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದು, ಜೊತೆಗೆ ಬಂದ ಮಗನಿಗೋ ಸೊಸೆಗೋ ಓದಿಸುತ್ತೇನೆ. ಆ ಮಾತ್ರೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಾಗಬೇಕಾದ ವಯಸ್ಸಿನ ಹೆಣ್ಣುಮಕ್ಕಳಿಗೆ, ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕೆಂದು ಒತ್ತಿ ಹೇಳುತ್ತೇನೆ.

ನೀರಿನ ಪ್ರಶ್ನೆಯನ್ನು ನಾನು ಯಾರಿಗೂ ಬಿಡುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಎಷ್ಟೋ ಊರುಗಳಲ್ಲಿ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಯಿಂದಲೇ ಅದು ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕತ್ತು, ಬೆನ್ನು, ಸೊಂಟ ಬಿಗಿಯುತ್ತಾ ಹೋಗುತ್ತವೆ. ಮೂರು ಕೆಲಸ ಮಾಡಿಸಿ ನೋಡುತ್ತೇನೆ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂದೆ ಇಡುವುದು. ಆಗದಿದ್ದರೆ ಮುಂಗೈ ಮತ್ತು ಸೊಂಟದ ಎಕ್ಸ್‌ರೇ ತೆಗೆಸುತ್ತೇನೆ. ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಈ ರೋಗ, ಬಲಿತವರಲ್ಲಿ ಮೂಳೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿರುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅದು ಜಾಸ್ತಿ ಬಂದಿದೆಯೆಂದು ಇಂಥವರು ನಿಶ್ಚಿಂತೆಯಿಂದ ಇರಬಾರದು. ಆ ಮೂಳೆ ದಪ್ಪವಾಗಿದ್ದರೂ ಗುಣದಲ್ಲಿ ಕೆಟ್ಟದ್ದು.

ಹಲ್ಲು ನೋಡಿ ತೀರ್ಮಾನಿಸುವವರಿಗೆ ಒಂದು ಮಾತು. ಕಂದು ಕಲೆ ಬೀಳುವುದು ಬಾಲ್ಯದಲ್ಲಿ, ಹಲ್ಲು ಒಳಗೇ ಬೆಳೆಯುತ್ತಿರುವಾಗ ಆ ನೀರು ಕುಡಿದವರಿಗೆ. ಬೇರೆ ಸೀಮೆಯಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗೇ ಇದ್ದು, ಮೂಳೆ ಮಾತ್ರ ಹಾಳಾಗಿರಬಹುದು. ಅದಕ್ಕೇ ನಾನು ಹೆಣ್ಣುಮಕ್ಕಳಿಗೆ ತವರೂರು ಯಾವುದು, ಈ ಊರಿಗೆ ಬಂದು ಎಷ್ಟು ವರ್ಷವಾಯಿತು ಎಂದು ತಪ್ಪದೆ ಕೇಳುತ್ತೇನೆ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿ ಹೋದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ, ಸಾರಿಗೂ ಬಳಸಬೇಕು. ಆಗಿಹೋದ ಬಿಗಿತ ಮಾತ್ರೆಯಿಂದ ಹಿಂದಕ್ಕೆ ಬರುವುದಿಲ್ಲ. ಆದರೆ ಮನೆಯ ಮಕ್ಕಳನ್ನು ಉಳಿಸಿಕೊಳ್ಳಬಹುದು, ನನಗೆ ಅದೇ ದೊಡ್ಡದು.

ಇದೇ ಬಿಗಿತ ಇಪ್ಪತ್ತು, ಮೂವತ್ತರ ಹುಡುಗರಲ್ಲಿ ಕಂಡರೆ ಯೋಚನೆ ಬೇರೆ. ರಾತ್ರಿಯ ಕೊನೆ ಜಾವದಲ್ಲಿ ಸೊಂಟನೋವು ಎಬ್ಬಿಸುತ್ತದೆ, ಮಲಗಿದಷ್ಟೂ ಹೆಚ್ಚು, ಓಡಾಡಿದರೆ ಕಡಿಮೆ ಎಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಸಂದುಗಳು ಉರಿಯೂತದಿಂದ ಬಿಗಿಯುವ ರೋಗ ಇರಬಹುದು. ಇವರಿಗೆ 'ರೆಸ್ಟ್ ಮಾಡಿ' ಎನ್ನುವುದು ಕೆಟ್ಟ ಸಲಹೆ, ದಿನಾ ವ್ಯಾಯಾಮ ಬೇಕು.

ಕುರಿಯ ಪ್ರಶ್ನೆ ಕೇಳಿದರೆ ಕೆಲವರು ಅಚ್ಚರಿಪಡುತ್ತಾರೆ. ಬಿಟ್ಟುಬಿಟ್ಟು ಬರುವ ಜ್ವರ, ಮೈ ಬೆವರು, ಸೊಂಟನೋವು ಒಟ್ಟಿಗೆ ಇರುವ ಕುರಿಗಾಹಿಗೆ ಬ್ರುಸೆಲ್ಲಾ ಎಂಬ, ಕುರಿಯಿಂದ ಮನುಷ್ಯರಿಗೆ ಬರುವ ಸೋಂಕಿನ ಪರೀಕ್ಷೆ ಮಾಡಿಸುತ್ತೇನೆ. ಕಂದು ಹಾಕಿದ, ಅಂದರೆ ಗರ್ಭಪಾತವಾದ ಕುರಿಯನ್ನು ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ಈ ಸೋಂಕು ತಗಲುತ್ತದೆ. ಔಷಧಿ ಕನಿಷ್ಠ ಆರು ವಾರ ನಡೆಯಬೇಕು, ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮರುಕಳಿಸುತ್ತದೆ. ಹೀಗೇ ಜ್ವರ, ತೂಕ ಇಳಿತ, ರಾತ್ರಿ ಬೆನ್ನುನೋವು ಇದ್ದವರಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಹುಡುಕುತ್ತೇನೆ.

ಇವೆಲ್ಲಕ್ಕೂ ನಿಧಾನವಾಗಿ ಕೇಳಿ, ನೋಡಿ ಮಾಡುವಷ್ಟು ಸಮಯವಿದೆ. ಇಲ್ಲದಿರುವುದು ಎರಡು ಕಡೆ: ಒಂದೇ ಸಂದು ಏಕಾಏಕಿ ಊದಿ, ಕೆಂಪಾಗಿ, ಜ್ವರ ಬಂದಾಗ, ಮತ್ತು ಬೆನ್ನುನೋವಿನ ಜೊತೆ ಕಾಲು ಬಲಗುಂದಿದಾಗ ಅಥವಾ ಮೂತ್ರ ಕಟ್ಟಿದಾಗ. ಇವರು ನನ್ನ ಕ್ಲಿನಿಕ್ಕಿನ ಸರದಿಗೂ ಕಾಯಬಾರದು, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು.