ಕಾಳು ತಿಂದ ಆಡಿಗೆ ಹೊಟ್ಟೆರಸ: ನನ್ನ ಅನುಭವ

ತೊಗರಿ ರಾಶಿ ಮುಗಿದ ಹೊಲಕ್ಕೆ ಆಡು ಬಿಟ್ಟರೆ ಏನಾಗುತ್ತದೆಂದು ಚಿತ್ತಾಪುರ, ಸೇಡಂ ಕಡೆಯವರಿಗೆ ಹೇಳಬೇಕಿಲ್ಲ. ಹೊಟ್ಟು ತಿನ್ನಲಿ ಅಂತ ಬಿಡುತ್ತೇವೆ, ಅವು ಉದುರಿದ ಕಾಳನ್ನೇ ಹುಡುಕಿ ತಿನ್ನುತ್ತವೆ. ಮರುದಿನ ಆ ಕಾಳು ಹೊಟ್ಟೆಯಲ್ಲಿ ಹುಳಿಯಾಗಿ ಒಂದೆರಡು ಆಡು ಮೂಲೆ ಹಿಡಿದು, ಹಲ್ಲು ಕಡಿಯುತ್ತ ನಿಂತಿರುತ್ತವೆ. ಅಡುಗೆ ಸೋಡಾ ಕೊಟ್ಟು ಜೀವ ಉಳಿಸಿದವರು ನಮ್ಮಲ್ಲಿ ಬಹಳ ಜನ. ಆದರೆ ಉಳಿದ ಆಡು ಮೇವು ಮುಟ್ಟದೆ ಸೊರಗಿ, ಕಡೆಗೆ ಸಂತೆಯಲ್ಲಿ ಸಿಕ್ಕ ರೇಟಿಗೆ ಹೋಗುತ್ತದಲ್ಲ, ನನ್ನ ತಲೆ ತಿಂದದ್ದು ಅದು. ಅದಕ್ಕೆ ನಾನು ಹಿಡಿದ ದಾರಿ ಹೊಟ್ಟೆರಸ: ಆಗಷ್ಟೇ ಕೊಯ್ದ ಆಡಿನ ಹೊಟ್ಟೆಯ ರಸ, ಮೇವು ಅರಗಿಸುವ ಸೂಕ್ಷ್ಮಜೀವಿಗಳು ಇರುವುದು ಅದರಲ್ಲೇ.

ಗುರುತು ತಪ್ಪಿದರೆ ಮುಂದಿನದೆಲ್ಲ ದಂಡ. ಎಡ ಪಕ್ಕೆಯ ಹಿಂದಿನ ಗುಳಿ ಬಿಗಿದು, ತಟ್ಟಿದರೆ ಢಬಢಬ ಎಂದರೆ ಉಬ್ಬರ, ಅಂದರೆ ಹೊಟ್ಟೆಯಲ್ಲಿ ಗಾಳಿ ತುಂಬಿದ್ದು. ಹಸಿ ಮೇವಿನ ನೊರೆ ಉಬ್ಬರಕ್ಕೆ ಸಾಮಾನ್ಯವಾಗಿ ಎಣ್ಣೆ ಕೆಲಸ ಮಾಡುತ್ತದೆ. ಅದೇ ಜಾಗ ಒತ್ತಿದಾಗ ಒಳಗೆ ನೀರು ಗುಳುಗುಳು ಅಲುಗಿ, ಹಿಕ್ಕೆ ತೆಳ್ಳಗಾಗಿ ಹುಳಿ ವಾಸನೆ ಹೊಡೆದರೆ ಕಾಳಿನ ಕೆಲಸ; ಇಲ್ಲಿ ಎಣ್ಣೆ ಸುರಿದು ಪ್ರಯೋಜನವಿಲ್ಲ. ಕೂಳೆ ಜೋಳ (ಕೊಯ್ದ ಮೇಲೆ ಮತ್ತೆ ಚಿಗುರಿದ್ದು) ತಿಂದು ವಿಷವೇರಿ ಏದುಸಿರು ಬಿಡುತ್ತ ಬಿದ್ದರೆ ಇದ್ಯಾವುದೂ ನಡೆಯದು, ಡಾಕ್ಟರಿಗೆ ಫೋನ್ ಹಚ್ಚಿ.

ಮಟನ್ ಅಂಗಡಿಯಿಂದ ಹೊಟ್ಟೆರಸ ತಂದು ಕುಡಿಸುತ್ತೇನೆ ಅಂದಾಗ ಓಣಿಯ ಹಿರಿಯರೊಬ್ಬರು, "ಸತ್ತಿದ್ದರ ಹೊಟ್ಟಿ ನೀರು ಬದುಕಿದ್ದಕ್ಕ ಕುಡಸ್ತಿಯೇನಪಾ? ತಲಿ ಕೆಟ್ಟದೇನು?" ಅಂದರು. ಮೊದಲ ಚಳಿಗಾಲ ಅವರ ಮಾತೇ ಗೆದ್ದಿತು. ಸ್ಟೀಲ್ ಡಬ್ಬಿಯಲ್ಲಿ ತಂದ ರಸ ದಾರಿಯಲ್ಲೇ ತಣ್ಣಗಾಯಿತು. ಫ್ರಿಜ್‌ನಲ್ಲಿ ಇಟ್ಟದ್ದಂತೂ ಚರಂಡಿಗೇ ಹೋಯಿತು. ಹಿಂದಿನ ಸಂಜೆಯಿಂದ ಉಪವಾಸ ಕಟ್ಟಿದ ಆಡಿನ ರಸ ಬರೀ ನೀರು, ಅದರಲ್ಲಿ ದಮ್ಮಿಲ್ಲ. ನಡುವೆ, ಮೇವು ಅರಗಲಿ ಅಂತ ಕೊಟ್ಟ ಈಸ್ಟ್ ಗುಳಿಗೆಗೆ ಏಳೆಂಟು ನೂರು ಕರಗಿತು, ಫಲ ಅಷ್ಟಕ್ಕಷ್ಟೇ. ಹಳಬರಂತೆ ಮೆಲುಕು ಹಾಕುವ ಆಡಿನ ಬಾಯಿಂದ ಉಂಡೆ ಕಸಿದು ತಿನ್ನಿಸಿಯೂ ನೋಡಿದೆ. ಸಿಕ್ಕದ್ದು ನಿಂಬೆಹಣ್ಣಿನಷ್ಟು ಉಂಡೆ, ಹೋದದ್ದು ಬೆರಳಿನ ಚರ್ಮ.

ಕೈಹಿಡಿದದ್ದು ಸರದಿ: ಮೊದಲು ಸೋಡಾ, ಆಮೇಲೆ ರಸ. ಹುಳಿ ತುಂಬಿದ ಹೊಟ್ಟೆಗೆ ನೇರ ರಸ ಹಾಕಿದರೆ ಅದರೊಳಗಿನ ಸೂಕ್ಷ್ಮಜೀವಿಗಳು ಅಲ್ಲೇ ಸಾಯುತ್ತವೆ. ಹಾಗಾಗಿ ಮೊದಲು ಅಡುಗೆ ಸೋಡಾ, ದೊಡ್ಡ ಆಡಿಗೆ ಅಂದಾಜು 20 ಗ್ರಾಂ, ಉಗುರುಬೆಚ್ಚಗಿನ ನೀರಲ್ಲಿ, ಸಂಜೆ ಇನ್ನೊಮ್ಮೆ. ಕಲಬುರಗಿಯಿಂದ ಹುಳಿ ಅಳೆಯುವ ಪಿಎಚ್ ಪಟ್ಟಿ ತಂದು, ಬಾಯಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಬಂದ ಹನಿಗೆ ಹಿಡಿಯುತ್ತೇನೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕಾಯಿಲೆಯ ಆಡಿನದು 5ರ ಆಚೀಚೆ, 6 ದಾಟಿದ ಮೇಲೆಯೇ ರಸ. ಥರ್ಮಾಸ್‌ನಲ್ಲಿ ಮೈಬಿಸಿ ಆರದಂತೆ ತಂದು, ತೆಳು ಬಟ್ಟೆಯಲ್ಲಿ ಹಿಂಡಿ, ಅರ್ಧ ಲೀಟರಿನಷ್ಟು ನಳಿಕೆಯಲ್ಲೇ ಇಳಿಸುತ್ತೇನೆ. ರಸಕ್ಕೆ ಒಂದು ಚಿಟಿಕೆ ಏನೋ ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ.

ಹೋದ ವರ್ಷ ವ್ಯಾಪಾರಿ ಮೂರು ಸಾವಿರಕ್ಕೆ ಕೇಳಿದ್ದ ಉಸ್ಮಾನಾಬಾದಿ ತಳಿಯ ಆಡು ರಸ ಕುಡಿದ ಮರುದಿನವೇ ಮೆಲುಕು ಹಾಕಿತು. ಎರಡು ತಿಂಗಳು ಮೇಯಿಸಿ ಹನ್ನೊಂದು ಸಾವಿರದ ಹತ್ತಿರ ಮಾರಿದೆ. ಖರ್ಚು ಇನ್ನೂರೂ ದಾಟಿರಲಿಕ್ಕಿಲ್ಲ. ಪುಕ್ಕಟೆ ಕೊಡುತ್ತಿದ್ದ ಅಂಗಡಿಯವನು ಈಗ ಥರ್ಮಾಸ್ ಕಂಡರೆ ಐವತ್ತು ಅನ್ನುತ್ತಾನೆ. ಸುದ್ದಿ ಹಬ್ಬಿದ್ದರ ತೆರಿಗೆ.

ಪೂರಾ ನೆಲ ಹಿಡಿದ ಆಡಿಗೆ ಸಲೈನೇ ಬೇಕು, ಡಾಕ್ಟರನ್ನೇ ಕರೆಯಿರಿ. ಇನ್ನು, ಅಂಗಡಿಯವನು ಕೊಯ್ಯುವ ಮುಂಚೆ ಹೋಗಿ ಆಡು ನೋಡಿ. ಮೆಲುಕು ಹಾಕದ, ಮೂಗು ಸೋರುವ, ಭೇದಿಯಾಗುವ ಆಡಿನ ರಸ ಪುಕ್ಕಟೆ ಸಿಕ್ಕರೂ ತರಬೇಡಿ. ಅದರ ಬೇನೆ ನಿಮ್ಮ ಹಿಂಡಿಗೆ ಬರುತ್ತದೆ.