ಅಮೆರಿಕದಲ್ಲಿ ಸಂಶೋಧನೆಗೆ ಸಿಗುವ ತೆರಿಗೆ ಕ್ರೆಡಿಟ್ ಪಡೆಯೋದು ಹೇಗೆ?

ಕ್ರೆಡಿಟ್ ಅಂದ್ರೆ ನೀವು ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಡಿಮೆಯಾಗೋ ಮೊತ್ತ. 1981ರಲ್ಲಿ ತಾತ್ಕಾಲಿಕ ಅಂತ ಶುರುವಾದ ಈ ಕ್ರೆಡಿಟ್ಟನ್ನು ಅಮೆರಿಕದ ಕಾಂಗ್ರೆಸ್ ಮತ್ತೆ ಮತ್ತೆ ಮುಂದುವರಿಸುತ್ತಾ ಬಂತು, ಕೊನೆಗೆ 2015ರ ಡಿಸೆಂಬರಿನಲ್ಲಿ ಕಾಯಂ ಮಾಡಿತು. ಹಾಗಾಗಿ ಮುಂದಿನ ವರ್ಷ ಇರುತ್ತೋ ಇಲ್ವೋ ಅನ್ನೋ ಚಿಂತೆ ಬಿಡಿ.

ಮೊದಲು ನಿಮ್ಮ ಕೆಲಸ ಇದಕ್ಕೆ ಹೊಂದುತ್ತಾ ನೋಡಿ. ಉತ್ಪನ್ನವನ್ನೋ ವಿಧಾನವನ್ನೋ ಸುಧಾರಿಸುವ ಉದ್ದೇಶ, ತಾಂತ್ರಿಕವಾಗಿ ಉತ್ತರ ಗೊತ್ತಿಲ್ಲದ ಪ್ರಶ್ನೆ, ಅದಕ್ಕೆ ಪ್ರಯೋಗ, ಇಷ್ಟೂ ಇರಬೇಕು. ಮಾರುಕಟ್ಟೆ ಸಮೀಕ್ಷೆ ನಡೆಯಲ್ಲ. ಅಮೆರಿಕದ ಹೊರಗೆ ಮಾಡಿದ್ದೂ ಅಷ್ಟೇ.

ಆಮೇಲೆ ಸಂಬಳ, ಬಳಸಿ ಮುಗಿಸಿದ ಸಾಮಗ್ರಿ, ಗುತ್ತಿಗೆದಾರರಿಗೆ ಕೊಟ್ಟಿದ್ದು (ಸಾಮಾನ್ಯವಾಗಿ ಅದರ 65% ಮಾತ್ರ) ಕೂಡಿಸಿ. ಸುಲಭದ ವಿಧಾನದಲ್ಲಿ ಹಿಂದಿನ 3 ವರ್ಷದ ಸರಾಸರಿಯ ಅರ್ಧ ಕಳೆದು, ಉಳಿದಿದ್ದರ 14% ತೆಗೆಯಬೇಕು. ಸರಾಸರಿ 1,00,000 ಡಾಲರ್, ಈ ವರ್ಷ 1,20,000 ಅಂದುಕೊಳ್ಳಿ. ಅರ್ಧ ಕಳೆದರೆ 70,000, ಅದರ 14% ಅಂದ್ರೆ 9,800 ಡಾಲರ್. ಇದನ್ನು ಫಾರ್ಮ್ 6765ರಲ್ಲಿ ತುಂಬಿ ತೆರಿಗೆ ರಿಟರ್ನ್ ಜೊತೆ ಕೊಡಿ.

ಯಾರು ಯಾವ ಪ್ರಯೋಗಕ್ಕೆ ಎಷ್ಟು ಹೊತ್ತು ಕೊಟ್ಟರು ಅನ್ನೋದನ್ನ ಆಗಿಂದಾಗಲೇ ಬರೆದಿಡಿ. ವರ್ಷದ ಕೊನೆಗೆ ನೆನಪಿನಿಂದ ಬರೆದದ್ದು ತಪಾಸಣೆಯಲ್ಲಿ ನಿಲ್ಲೋದು ಕಷ್ಟ ಅಲ್ವಾ?

ಕ್ರೆಡಿಟ್ ಬೇರೆ, ತೆರಿಗೆ ಲೆಕ್ಕಕ್ಕೆ ಆದಾಯದಿಂದ ಖರ್ಚು ಕಳೆಯೋದು ಬೇರೆ, ಜನ ಇಲ್ಲೇ ಎಡವೋದು. 2022ರಿಂದ ದೇಶದೊಳಗಿನ ಸಂಶೋಧನೆಯ ಖರ್ಚನ್ನು 5 ವರ್ಷಕ್ಕೆ ಹಂಚಬೇಕಿತ್ತು. 2025ರ ಕಾನೂನು ಅದನ್ನು ಅದೇ ವರ್ಷ ಪೂರ್ತಿ ಕಳೆಯೋಕೆ ಬಿಟ್ಟಿದೆ, ಅದೂ ಕಾಯಂ ಆಗಿ. ವಿದೇಶದ್ದಕ್ಕೆ ಮಾತ್ರ ಈಗಲೂ 15 ವರ್ಷ.