ಬಾಟಲಿ ಬಿಡಿಸಿ ಅಂಬಲಿ ಹಿಡಿಸಿದ್ದು: ನನ್ನ ಅನುಭವ

ಮನೆಯ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ ಹಾಕಿಸಿದವರಿಗೆ ಇದು ಗೊತ್ತು. ನಿಂಬೆಹುಳಿ ಬಿದ್ದದ್ದನ್ನು ಒರೆಸದೆ ಬಿಟ್ಟರೆ ಬೆಳಿಗ್ಗೆ ಅಲ್ಲೊಂದು ಬಿಳಿಚಿದ ಗುರುತು ಇರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಕಲೆಯಲ್ಲ, ಕಲ್ಲೇ ಕರಗಿದ್ದು. ಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ನಾಲ್ಕು ಹನಿ ಹಾಕಿ ರಾತ್ರಿ ಬಿಟ್ಟರೂ ಅದೇ ಗುರುತು ಬೀಳುತ್ತದೆ. ಕಲಬುರಗಿಯಲ್ಲಿ ಹುಡುಗರಿಗೆ ಹಲ್ಲಿನ ಮಾತು ತಿಳಿಸಲು ಇದಕ್ಕಿಂತ ಅಗ್ಗದ ಪಾಠ ನನಗೆ ಸಿಕ್ಕಿಲ್ಲ.

ನಾನು ಕೋಚ್. ನನ್ನ ಹುಡುಗರಿಗೆ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ ಬಿಡಿಸುತ್ತೇನೆ ಅಂದಾಗ ಜೊತೆಯ ಕೋಚ್‌ಗಳು ನಕ್ಕರು. "ಸರ್, ಹಲ್ಲಿನ ಡಾಕ್ಟರ್ ಕೆಲಸ ನಿಮಗ್ಯಾಕ್ರಿ? ಹುಡುಗರಿಗೆ ಎನರ್ಜಿ ಬೇಕ್ರಿ." ಈಗ ಅವರಲ್ಲೇ ಇಬ್ಬರು ನಾನು ಬದಲಿಗೆ ಕೊಡುವ ಜೋಳದ ಅಂಬಲಿಯ ಅಳತೆ ಕೇಳಿ ಫೋನ್ ಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಕಬಡ್ಡಿ ಮತ್ತು ಓಟ ಸೇರಿ 24 ಹುಡುಗರು, ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಪ್ರಾಕ್ಟೀಸ್. ಅಂಕಿಗಳೆಲ್ಲ ನೆನಪಿನ ಲೆಕ್ಕ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗಬಹುದು.

ಮೊದಲು ಹುಳಿ ಅಳೆಯುವ ಪಿಎಚ್ ಕಾಗದದ ಪಟ್ಟಿಗಳ ಪುಸ್ತಕ ತಂದೆ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ನೂರು ರೂಪಾಯಿ ಚಿಲ್ಲರೆ. ಪಿಎಚ್ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಣ್ಣದ ಪಾನೀಯಕ್ಕೆ ಪಟ್ಟಿ ಅದ್ದಿದರೆ ಪಾನೀಯದ ಬಣ್ಣವೇ ಪಟ್ಟಿಗೆ ಹತ್ತಿ ಮೋಸವಾಗುತ್ತದೆ. ತುದಿ ಮಾತ್ರ ಅದ್ದಿ, ತೇವ ಮೇಲೇರಿ ನಿಂತ ಅಂಚನ್ನು ಓದಬೇಕು. ಸ್ಪೋರ್ಟ್ಸ್ ಡ್ರಿಂಕ್‌ಗಳು ಮೂರರ ಆಸುಪಾಸು ಬಂದವು, ಎನರ್ಜಿ ಡ್ರಿಂಕ್ ಮೂರೂವರೆಯೊಳಗೆ, ಎಳನೀರು ಐದರ ಹತ್ತಿರ, ಮಜ್ಜಿಗೆ ನಾಲ್ಕೂವರೆ. ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಐದೂವರೆಗಿಂತ ಕೆಳಗೆ ಕರಗಲು ಶುರುವಾಗುತ್ತದೆ. ವಸಡು ಸರಿದ ಕಡೆ ಬೇರು ಹೊರಗೆ ಕಂಡರೆ ಅದಕ್ಕೆ ಆರೂವರೆಯೇ ಸಾಕು. ಇದರ ಮೇಲೆ, ಓಡುವ ಹುಡುಗ ಬಾಯಿಯಿಂದ ಉಸಿರಾಡುತ್ತಾನೆ, ಬೆವರಿ ಮೈಯ ನೀರು ಕಳೆದುಕೊಂಡಿರುತ್ತಾನೆ, ಬಾಯಲ್ಲಿ ಜೊಲ್ಲು ಕಡಿಮೆಯಾಗಿರುತ್ತದೆ. ಹುಳಿಯನ್ನು ತೊಳೆದು ತಣಿಸುವುದೇ ಜೊಲ್ಲು. ಹಾಗಾಗಿ ಅದೇ ಬಾಟಲಿ ಮದುವೆ ಮನೆಯಲ್ಲಿ ಮಾಡುವ ಕೇಡಿಗಿಂತ ಮೈದಾನದಲ್ಲಿ ಮಾಡುವ ಕೇಡು ಹೆಚ್ಚು.

ಬಾಟಲಿ ಬಿಟ್ಟು ನಾನು ಮೊದಲು ಹಿಡಿದದ್ದು ನಿಂಬೆ ಶರಬತ್ತು. ಮನೆಯದು, ಸಾಚಾ, ಅಗ್ಗ. ಒಂದು ತಿಂಗಳು ಕೊಟ್ಟ ಮೇಲೆ ಪಟ್ಟಿ ಅದ್ದಿ ನೋಡಿದರೆ ಎರಡೂವರೆ! ಬಾಟಲಿಗಿಂತಲೂ ಹುಳಿ. ಮನೆಯಲ್ಲಿ ಮಾಡಿದ್ದು ಅನ್ನುವುದು ಹಲ್ಲಿಗೆ ಗೊತ್ತಾಗುವುದಿಲ್ಲ. ಹುಳಿ ಮುರಿಯಲು ಅಡಿಗೆ ಸೋಡಾ ಹಾಕಿದೆ. ಒಂದು ಗ್ರಾಂ ಸೋಡಾ ಸುಮಾರು ಮುಕ್ಕಾಲು ಗ್ರಾಂ ನಿಂಬೆಹುಳಿಯನ್ನು ಪೂರ್ತಿ ಕೊಲ್ಲುತ್ತದೆ, ಅಂದರೆ ಅರ್ಧ ನಿಂಬೆಹಣ್ಣಿನ ಹುಳಿ. ನೊರೆ ಉಕ್ಕಿತು, ನೊರೆ ಇಳಿದ ಮೇಲೆ ಉಳಿದದ್ದು ಸಾಬೂನು ತೊಳೆದ ನೀರಿನ ರುಚಿ. "ಇದೇನು ಸಪ್ಪಗ ಅದರಿ ಸರ್" ಅಂತ ಹುಡುಗರು ಗಿಡದ ಬುಡಕ್ಕೆ ಚೆಲ್ಲಿದರು. ಎಳನೀರು ಛಲೋ ವಸ್ತು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ನಮ್ಮೂರಿಗೆ ಅದು ದೂರದಿಂದ ಬರಬೇಕು, ಬೇಸಿಗೆಯಲ್ಲಿ ಒಂದಕ್ಕೆ 50 ರೂಪಾಯಿ. ನಾಲ್ಕೇ ದಿನಕ್ಕೆ ನಿಲ್ಲಿಸಿದೆ.

ಗ್ಲೂಕೋಸ್ ಪುಡಿಯದು ಬೇರೆಯೇ ಕಥೆ. ಹುಡುಗರು ಅದನ್ನು ಕರಗಿಸುವುದೇ ಇಲ್ಲ, ಅಂಗೈಗೆ ಸುರಿದು ನೆಕ್ಕುತ್ತಾರೆ. ಒಣಬಾಯಿಯಲ್ಲಿ ಸಕ್ಕರೆ ಪುಡಿ ದವಡೆ ಹಲ್ಲಿನ ಗುಳಿಗಳಿಗೆ ಮೆತ್ತಿ ಕೂರುತ್ತದೆ, ನಿಂಬೆ ರುಚಿಯದಾದರೆ ಹುಳಿಯೂ ಜೊತೆಗೆ. ಹುಳುಕಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ. ಪುಡಿಯ ಡಬ್ಬಿ ಮೈದಾನದ ಗೇಟಿನೊಳಗೆ ಬರಬಾರದು ಅಂತ ಮಾಡಿದ್ದೇನೆ. ಈ ಒಂದು ವಿಷಯದಲ್ಲಿ ನಾನು ಬಿಗಿ.

ಆಮೇಲೆ ಮಜ್ಜಿಗೆಗೆ ಬಂದೆ. ಇಲ್ಲಿ ನನ್ನ ಫರಸಿ ಪಾಠವೇ ತಿರುಗಿ ಹೊಡೆಯಿತು. ಒಬ್ಬ ಕೋಚ್ ಮಜ್ಜಿಗೆಯನ್ನೂ ಕಲ್ಲಿನ ಮೇಲೆ ಹಾಕಿ ಬಿಟ್ಟ, ಬೆಳಿಗ್ಗೆ ಅಲ್ಲೂ ಗುರುತು. "ಈಗೇನಂತೀರಿ?" ಉತ್ತರ ಹಲ್ಲಿನ ಡಾಕ್ಟರಿಂದ ಸಿಕ್ಕಿತು. ಫರಸಿ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್. ಮಜ್ಜಿಗೆಯಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಮೊದಲೇ ತುಂಬಿರುವುದರಿಂದ ಹಲ್ಲಿನದು ಅದರೊಳಗೆ ಕರಗಿ ಹೋಗಲು ಜಾಗವಿಲ್ಲ. ಪಿಎಚ್ ಒಂದನ್ನೇ ನೋಡಿ ತೀರ್ಪು ಕೊಡಬಾರದು ಅನ್ನುವುದು ಅಲ್ಲಿ ತಿಳಿಯಿತು.

ಬಾಯಿಮಾತಿಗೆ ಯಾರೂ ಒಪ್ಪಲಿಲ್ಲ, ಮಾಡಿ ತೋರಿಸಬೇಕಾಯಿತು. ಡಾಕ್ಟರು ಕಿತ್ತ ಹಲ್ಲುಗಳನ್ನು ಶುದ್ಧ ಮಾಡಿ ಕೊಟ್ಟರು. ಪ್ರತಿ ಹಲ್ಲಿನ ಅರ್ಧಕ್ಕೆ ಉಗುರುಬಣ್ಣ ಎರಡು ಸಲ ಬಳಿದು ಒಣಗಿಸಿ, ಒಂದನ್ನು ಸ್ಪೋರ್ಟ್ಸ್ ಡ್ರಿಂಕಿನಲ್ಲಿ, ಒಂದನ್ನು ಶರಬತ್ತಿನಲ್ಲಿ, ಒಂದನ್ನು ತೆಳು ಮಜ್ಜಿಗೆಯಲ್ಲಿ ಒಂದು ದಿನ ಮುಳುಗಿಸಿಟ್ಟೆ. ತೆಗೆದು ತೊಳೆದು, ರಿಮೂವರ್‌ನಿಂದ ಬಣ್ಣ ಒರೆಸಿದೆ. ಮೊದಲಿನ ಎರಡರಲ್ಲಿ ಬಣ್ಣವಿಲ್ಲದ ಅರ್ಧ ಸೀಮೆಸುಣ್ಣದ ಹಾಗೆ ಮಂಕಾಗಿತ್ತು. ಉಗುರು ಎಳೆದರೆ ಗಡಿಯಲ್ಲಿ ಸಣ್ಣ ಮೆಟ್ಟಿಲು ತಡೆಯುತ್ತಿತ್ತು. ಮಜ್ಜಿಗೆಯ ಹಲ್ಲಿನಲ್ಲಿ ಗಡಿ ಎಲ್ಲಿದೆ ಅಂತ ಹುಡುಕಬೇಕಾಯಿತು. ಬಾಯಲ್ಲಿ ಯಾರೂ ಇಡೀ ದಿನ ಪಾನೀಯ ಹಿಡಿದಿರುವುದಿಲ್ಲ ನಿಜ, ಆದರೆ ನಕ್ಕವರು ಆ ಮೆಟ್ಟಿಲನ್ನು ಒಬ್ಬೊಬ್ಬರಾಗಿ ಉಗುರಲ್ಲಿ ಮುಟ್ಟಿ ನೋಡಿದರು.

ಬರೀ ಮಜ್ಜಿಗೆಯಲ್ಲಿ ಕಸುವು ಕಡಿಮೆ. ಅದಕ್ಕೆ ಜೋಳದ ಅಂಬಲಿ ಕೂಡಿಸಿದೆ. ಹತ್ತು ಲೀಟರಿಗೆ ಜೋಳದ ಹಿಟ್ಟು 300 ಗ್ರಾಂ, ಮೊಸರು 2 ಕೆಜಿ, ಉಪ್ಪು 18 ಗ್ರಾಂ, ಉಳಿದದ್ದು ನೀರು. ಉಪ್ಪಿನಿಂದಲೇ ಲೀಟರಿಗೆ ಸೋಡಿಯಂ 700 ಮಿಲಿಗ್ರಾಂ ಹತ್ತಿರ ಬರುತ್ತದೆ, ಪಿಷ್ಟ ಮತ್ತು ಹಾಲಿನ ಸಕ್ಕರೆ ಸೇರಿ ನೂರಕ್ಕೆ ಮೂರು ಗ್ರಾಂ. ಬಾಟಲಿಯಲ್ಲಿ ನೂರಕ್ಕೆ ಆರು ಗ್ರಾಂ ಸಕ್ಕರೆ, ಅರ್ಧ ಲೀಟರಿಗೆ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಉತ್ತಮ ಮಿತಿಯೇ ದೊಡ್ಡವರಿಗೆ ದಿನಕ್ಕೆ 25 ಗ್ರಾಂ ಆಸುಪಾಸು. ದಿನಾ ಎರಡು ಬಾಟಲಿ ಕುಡಿಯುತ್ತಿದ್ದ ಹುಡುಗರು ಊಟಕ್ಕೆ ಕೂತರೆ ಒಂದೂವರೆ ರೊಟ್ಟಿಗೆ ಏಳುತ್ತಿದ್ದರು. ಅಂಥವರಿಗೆ ರಟ್ಟೆ ಎಲ್ಲಿಂದ ಬರಬೇಕು? ಇಂದಿನ ಸ್ಪೋರ್ಟ್ಸ್ ಡ್ರಿಂಕ್ ಹುಟ್ಟಿದ್ದು 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗಾಗಿ. ತಾಸುಗಟ್ಟಲೆ ಬೆವರುವ ದೈತ್ಯರ ಅಳತೆ ನಮ್ಮ 45 ಕೆಜಿ ಹುಡುಗನಿಗೆ ಕೂರುವುದಿಲ್ಲ.

ಅಂಬಲಿಯ ಮೊದಲ ತೊಡಕು ಗಟ್ಟಿಯಾಗುವುದು. ಬಿಸಿಯಲ್ಲಿ ತೆಳ್ಳಗಿದ್ದದ್ದು ತಣ್ಣಗಾದಂತೆ ಲೋಳೆಯಾಗಿ ಬಾಟಲಿಯ ಮೂತಿಯಲ್ಲಿ ನಿಲ್ಲುತ್ತದೆ. ಹಿಟ್ಟು ಕಡಿಮೆ ಮಾಡಿದರೆ ಕಸುವಿಲ್ಲ. ಇದಕ್ಕೆ ಪರಿಹಾರ ಮೊಳಕೆ ಹಿಟ್ಟು, ಅಂದರೆ ಮೊಳಕೆ ಬರಿಸಿದ ಕಾಳನ್ನು ಒಣಗಿಸಿ ಬೀಸಿದ್ದು, 300 ಗ್ರಾಂ ಹಿಟ್ಟಿಗೆ 15 ಗ್ರಾಂ. ಮೊಳಕೆ ರಾಗಿಯದೇ ಆಗಬೇಕು, ಜೋಳದ್ದು ಬೇಡವೇ ಬೇಡ. ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಎಳೇ ಜೋಳ ಮೇಯ್ದ ದನ ಹೊಲದಲ್ಲೇ ಬಿದ್ದು ಸಾಯುವುದು ಅದರಿಂದಲೇ. ಹಿಟ್ಟನ್ನು ಒಂದು ಲೀಟರ್ ತಣ್ಣೀರಲ್ಲಿ ಕದಡಿ, ಕುದಿಯುವ ನಾಲ್ಕು ಲೀಟರಿಗೆ ಸುರಿದು, ಹತ್ತು ಹನ್ನೆರಡು ನಿಮಿಷ ತಿರುವುತ್ತಾ ಕುದಿಸಿ ಇಳಿಸುವುದು. ಥರ್ಮಾಮೀಟರ್ 65 ಡಿಗ್ರಿ ತೋರಿಸಿದಾಗ ರಾಗಿ ಮೊಳಕೆ ಹಿಟ್ಟನ್ನು ನೀರಲ್ಲಿ ಕಲಸಿ ಹಾಕಿ ಮುಚ್ಚುವುದು. ಹದಿನೈದು ನಿಮಿಷದಲ್ಲಿ ಲೋಳೆ ಮುರಿದು ಸೌಟಿನಿಂದ ನೀರಿನ ಹಾಗೆ ಜಾರುತ್ತದೆ, ಮೊದಲ ಸಲ ನೋಡಿದವರು ನಂಬುವುದಿಲ್ಲ. ಕುದಿಯುವಾಗಲೇ ಹಾಕಿದರೆ ಮೊಳಕೆಯ ಶಕ್ತಿ ಸತ್ತು ಏನೂ ಆಗುವುದಿಲ್ಲ. ನನ್ನ ಮೊದಲ ಎರಡು ಗಡಿಗೆ ಹಾಗೇ ಹಾಳಾದವು. ತೆಳ್ಳಗಾದ ಮೇಲೆ ಎರಡು ನಿಮಿಷ ಮತ್ತೆ ಕುದಿಸಿ ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಬೆಳಿಗ್ಗೆಯೊಳಗೆ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಆಮೇಲೆ ಕಾಯಿಸಿ ಆರಿಸಿದ ನೀರು ಮೂರು ಲೀಟರ್ ಕೂಡಿಸಿ, ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು ತೊಯ್ಸಿದ ಗೋಣಿ ಹೊದಿಸಿ ರಾತ್ರಿ ಬಿಡುವುದು.

ಮೊಸರನ್ನು ಬೆಳಿಗ್ಗೆ ಐದಕ್ಕೆ ಮಾತ್ರ, ಐಸ್ ಹಾಕಿ ಕಡೆದು ಸೇರಿಸಬೇಕು. ರಾತ್ರಿಯೇ ಸೇರಿಸಿದ ದಿನ, ಏಪ್ರಿಲ್‌ನಲ್ಲಿ, ಬೆಳಿಗ್ಗೆಗೆ ಹುಳಿ ಹಿಡಿದು ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಹಗಲು 42 ಡಿಗ್ರಿ ದಾಟುವ ನಮ್ಮ ಕಡೆ ಒಂಬತ್ತು ಗಂಟೆಯ ಮೇಲೆ ಉಳಿದದ್ದನ್ನು ಯಾರಿಗೂ ಕೊಡುವುದಿಲ್ಲ. ಪಾತ್ರೆ ಸ್ಟೀಲಿನದೇ ಇರಲಿ. ರಂಜಣಿಗೆಯಲ್ಲಿ ತಣ್ಣಗಿರುತ್ತದೆ ಅಂತ ಹಾಕಿದರೆ ಮಣ್ಣಿನ ತೂತುಗಳಲ್ಲಿ ಹುಳಿ ಕೂತು ಮೂರನೇ ದಿನಕ್ಕೆ ನಾತ. ತಾಮ್ರ, ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಡಲೇಬಾರದು, ತಾಮ್ರ ಬಿಟ್ಟುಕೊಂಡು ವಾಂತಿಯಾಗುತ್ತದೆ. ಉಪ್ಪನ್ನು ತೂಕ ಮಾಡಿ, ಚಮಚ ನಂಬಬೇಡಿ. ಒಮ್ಮೆ ಅಡುಗೆಯವ ಊಟದ ಚಮಚದಲ್ಲಿ ಅಳೆದು ಮೂರು ಪಟ್ಟು ಹಾಕಿದ್ದ, ಆ ದಿನದ ಪ್ರಾಕ್ಟೀಸ್ ಅಲ್ಲಿಗೇ ಮುಗಿಯಿತು. ಬಂಗಾರ ತೂಗುವಂಥ ಸಣ್ಣ ತಕ್ಕಡಿ 400 ರೂಪಾಯಿಗೆ ಸಿಗುತ್ತದೆ.

ಜೀರಿಗೆ ಹುರಿದು ಹಾಕುತ್ತೇನೆ, ಇನ್ನೂ ಎರಡು ಮಸಾಲೆ ಇವೆ. ಹುಡುಗರು ಲೋಟ ಚಾಚುವುದು ಅವುಗಳಿಗೇ. ಅವು ಯಾವುವು ಅಂತ ಇಲ್ಲಿ ಬರೆಯುವುದಿಲ್ಲ.

ಖರ್ಚು: ಮೊಸರು 115, ಹಿಟ್ಟು 18, ಗ್ಯಾಸು ಐಸು ಮಸಾಲೆ 35, ಒಟ್ಟು 170ರ ಒಳಗೆ. ತಲೆಗೆ 400 ಮಿ.ಲೀ. ಅದೇ ಹುಡುಗರಿಗೆ ಒಂದೊಂದು ಬಾಟಲಿ ಅಂದರೆ ದಿನಕ್ಕೆ 1,200. ತಿಂಗಳಿಗೆ 26 ದಿನ ಹಿಡಿದರೆ 31 ಸಾವಿರಕ್ಕೆ ಎದುರಾಗಿ ನಾಲ್ಕೂವರೆ ಸಾವಿರ. ಹಲ್ಲಿನ ಮಾತಿಗೆ ಒಪ್ಪದ ಪಾಲಕರು ಈ ಲೆಕ್ಕಕ್ಕೆ ಐದು ನಿಮಿಷದಲ್ಲಿ ಒಪ್ಪಿದರು.

ಒಂದು ತಾಸಿನೊಳಗಿನ ಪ್ರಾಕ್ಟೀಸಿಗೆ ಇದೂ ಬೇಡ, ನೀರು ಸಾಕು. ಯಾರಿಗೆ ಎಷ್ಟು ಬೇಕು ಅನ್ನುವುದಕ್ಕೆ ಮೊದಲು ಮತ್ತು ಆಮೇಲೆ ತೂಕ ಹಿಡಿಯಿರಿ. ಕಡಿಮೆಯಾದ ಒಂದು ಕೆಜಿ ಒಂದು ಲೀಟರ್ ನೀರು. ಕುಡಿದದ್ದನ್ನು ಅದಕ್ಕೆ ಕೂಡಿಸಿ. ಚಡ್ಡಿಯಲ್ಲಿ ನಿಲ್ಲಿಸಿ, ಬೆವರು ಒರೆಸಿ ತೂಗಿ. ತೊಯ್ದ ಟೀಶರ್ಟಿನಲ್ಲಿ ತೂಗಿದರೆ ಕಾಲು ಕೆಜಿ ಸುಳ್ಳು ಬರುತ್ತದೆ. ತೂಕ ಏರಿದ್ದರೆ ಆ ಹುಡುಗ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದಾನೆ, ಅದೂ ಅಪಾಯ. ರಕ್ತದ ಸೋಡಿಯಂ ತೆಳುವಾಗುತ್ತದೆ.

ಪಾನೀಯ ಬದಲಿಸಿದ ಮೇಲೂ ಕೆಲವರಿಗೆ ಹಲ್ಲು ಜುಮ್ಮೆನ್ನುವುದು ನಿಲ್ಲಲಿಲ್ಲ. ಕಾರಣ ಹುಡುಕಲು ತಿಂಗಳುಗಳೇ ಹಿಡಿದವು. ಅವರು ಪ್ರಾಕ್ಟೀಸ್ ಮುಗಿಸಿ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಅಂಗಡಿಯ 20 ರೂಪಾಯಿಯ ಎನರ್ಜಿ ಡ್ರಿಂಕ್ ಕುಡಿದು, ಹೋದೊಡನೆ ಹಲ್ಲು ತಿಕ್ಕುತ್ತಿದ್ದರು, ಅದೂ ಇದ್ದಿಲಿನ ಹಲ್ಲುಪುಡಿಯಲ್ಲಿ. ಹುಳಿಗೆ ಮೆತ್ತಗಾದ ಎನಾಮಲ್ಲಿನ ಮೇಲೆ ಉಪ್ಪುಕಾಗದ ಆಡಿಸಿದ ಹಾಗೆ. ಆ ಡ್ರಿಂಕಿನಲ್ಲಿ ಕೆಫೀನ್ ಬೇರೆ. ಈಗ ಎದ್ದ ಕೂಡಲೇ, ಮೈದಾನಕ್ಕೆ ಬರುವ ಮೊದಲು ಫ್ಲೋರೈಡ್ ಪೇಸ್ಟಿನಲ್ಲಿ ತಿಕ್ಕಬೇಕು. ರಾತ್ರಿ ಇನ್ನೊಮ್ಮೆ ತಿಕ್ಕಿ ನೊರೆ ಉಗುಳಬೇಕು, ಬಾಯಿ ತುಂಬ ನೀರು ಹಾಕಿ ತೊಳೆಯಬಾರದು. ಪಂದ್ಯದ ದಿನ ಸಂಘಟಕರು ಬಾಟಲಿ ಕೊಟ್ಟರೆ ಕುಡಿಯಲಿ. ಆದರೆ ತಾಸುಗಟ್ಟಲೆ ಗುಟುಕರಿಸದೆ ಒಮ್ಮೆಗೇ ಮುಗಿಸಿ, ನೀರು ಮುಕ್ಕಳಿಸಬೇಕು, ಒಂದು ತಾಸು ಬ್ರಷ್ ಮುಟ್ಟಬಾರದು. ತುಟಿ ತಾಗಿಸದೆ ಎತ್ತಿ ಕುಡಿಯುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ಕೆಲಸಕ್ಕೆ ಬರುತ್ತದೆ, ಧಾರೆ ಮುಂದಿನ ಹಲ್ಲುಗಳನ್ನು ತಪ್ಪಿಸಿ ಹೋಗುತ್ತದೆ.

ಹಲ್ಲಿನ ಮೇಲಿನ ಪ್ರತಿ ಗುರುತನ್ನೂ ಬಾಟಲಿಗೆ ಹಚ್ಚಬೇಡಿ. ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದು ಬೆಳೆದ ಹುಡುಗರ ಹಲ್ಲಿನ ಮೇಲೆ ಅಡ್ಡಡ್ಡ ಬಿಳಿ, ಕಂದು ಪಟ್ಟೆಗಳು ಎಡಬಲ ಒಂದೇ ಥರ ಇರುತ್ತವೆ, ಬಿಳಿಯದು ಹಲ್ಲು ಹುಟ್ಟಿದಾಗಿನಿಂದಲೂ. ಹುಳಿಯಿಂದ ಸವೆದದ್ದು ನುಣುಪಾಗಿ ಮಿಂಚುತ್ತದೆ, ಮುಂದಿನ ಹಲ್ಲಿನ ಅಂಚು ತೆಳುವಾಗಿ ಗಾಜಿನಂತೆ ಕಾಣುತ್ತದೆ, ದವಡೆ ಹಲ್ಲಿನ ದಿಬ್ಬದ ಮೇಲೆ ಚಿಕ್ಕ ಬಟ್ಟಲಿನಂಥ ಗುಳಿ ಬಿದ್ದಿರುತ್ತದೆ.

ಇನ್ನು ಓಆರ್‌ಎಸ್. ಅದು ಭೇದಿಗೆ ಮಾಡಿದ ಅಳತೆ, ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಬಿಸಿಲಿಗೆ ತೀರಾ ಬಳಲಿದವನಿಗೆಂದು ಎರಡು ಪ್ಯಾಕೆಟ್ ಕಿಟ್ಟಿನಲ್ಲಿ ಇಟ್ಟಿರುತ್ತೇನೆ. ಹೆಸರಲ್ಲಿ ಓಆರ್‌ಎಸ್ ಇಟ್ಟುಕೊಂಡ ಸಿಹಿ ಟೆಟ್ರಾಪ್ಯಾಕ್‌ಗಳು ಬೇರೆ ವಸ್ತು. ಹಾಗೆ ಹೆಸರಿಡಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ. ಹಳೆಯ ಸ್ಟಾಕ್ ಕೈಗೆ ಬಂದರೆ ಪ್ಯಾಕಿನ ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ ನೋಡಿ.

ಶುರುವಿನಲ್ಲಿ 24ರಲ್ಲಿ ಒಂಬತ್ತು ಹುಡುಗರು ತಣ್ಣೀರಿಗೆ ಜುಮ್ ಅನ್ನುತ್ತಿದ್ದರು, ಹದಿನಾಲ್ಕು ತಿಂಗಳ ಮೇಲೆ ಇಬ್ಬರು. ಸವೆದದ್ದು ತಿರುಗಿ ಬರುವುದಿಲ್ಲ, ಸವೆತ ನಿಂತಿದೆ. ಪ್ರತಿ ಮೂರು ತಿಂಗಳಿಗೆ ಅದೇ ಕಿಟಕಿಯ ಬೆಳಕಿನಲ್ಲಿ ಮೊಬೈಲ್ ಫೋಟೊ ತೆಗೆದಿಟ್ಟಿದ್ದೇನೆ, ಬಂದವರಿಗೆ ತೋರಿಸುತ್ತೇನೆ. ಆ ಇಬ್ಬರಲ್ಲಿ ಒಬ್ಬನಿಗೆ ಮೊಸರು ಆಗಿಬರುವುದಿಲ್ಲ. ಅವನ ಅಂಬಲಿಗೆ ಮೊಸರಿನ ಕ್ಯಾಲ್ಸಿಯಂ ಬದಲು ಕ್ಯಾಲ್ಸಿಯಂ ಲ್ಯಾಕ್ಟೇಟ್ ಪುಡಿ ಹಾಕಿ ನೋಡುತ್ತಿದ್ದೇನೆ. ಲೀಟರಿಗೆ ಎರಡು ಗ್ರಾಂ ಮೀರಿದರೆ ಕಹಿಯಾಗುತ್ತದೆ, ಅಷ್ಟರವರೆಗೆ ಕುಡಿಯುತ್ತಾನೆ.